ಬೊಗಲೂಸಾದ ಮಕ್ಕಳು

1950ರಿಂದ 1953ರವರೆಗೆ ಕೊರಿಯಾ ದೇಶದಲ್ಲಿ ಘೋರವಾದ ಯುದ್ಧವೊಂದು ನಡೆಯಿತು. ಆ ಯುದ್ಧದಲ್ಲಿ ಮಡಿದ ಅಮೆರಿಕದ ಸೈನಿಕರ ಪೈಕಿ 300 ಮಂದಿಯ ಹೃದಯಗಳನ್ನು ಎನೋಸ್, ಹೋಮ್ಸ್ ಮತ್ತು ಬೇಯರ್ ಎಂಬ ಮೂವರು ವೈದ್ಯರು ಪರೀಕ್ಷಿಸಿದರು. ಮಡಿದವರ ಸರಾಸರಿ ವಯಸ್ಸು 22 ವರ್ಷ. ಅವರು ಹೃದ್ರೋಗಿಗಳಾಗಿರಲಿಲ್ಲ, ಯುದ್ಧಕ್ಕೆ ಯೋಗ್ಯರೆಂದು ಆಯ್ಕೆಗೊಂಡ ದೃಢಕಾಯರಾದ ತರುಣರು. ಆದರೂ ಹೃದಯದ ಸ್ನಾಯುಗಳಿಗೆ ರಕ್ತವನ್ನು ಒದಗಿಸುವ ಅಪಧಮನಿಗಳನ್ನು ಸೀಳಿ ನೋಡಿದಾಗ, ನೂರಕ್ಕೆ 77 ಮಂದಿಯಲ್ಲಿ ರೋಗದ ಗುರುತುಗಳು ಬರಿಗಣ್ಣಿಗೇ ಕಾಣಿಸಿದವು. ಕೆಲವರಲ್ಲಿ ನಾಳದ ಒಳಗೋಡೆ ಸ್ವಲ್ಪವೇ ದಪ್ಪಗಾಗಿತ್ತು. ಇನ್ನು ಕೆಲವರಲ್ಲಿ ನಾಳವು ಪೂರ್ತಿಯಾಗಿ ಮುಚ್ಚಿಹೋಗಿತ್ತು.

1953ರಲ್ಲಿ ಈ ವರದಿ ಪ್ರಕಟವಾದಾಗ ವೈದ್ಯಲೋಕವು ಬೆರಗಾಯಿತು. ಅಪಧಮನಿಗಳು ಗಡುಸಾಗುವುದು, ಅವುಗಳಲ್ಲಿ ಕೊಬ್ಬು ಸೇರಿಕೊಳ್ಳುವುದು ಮುಪ್ಪಿನ ಲಕ್ಷಣವೆಂದೇ ಅದುವರೆಗೆ ಬಹುಮಂದಿ ನಂಬಿದ್ದರು. ಇಪ್ಪತ್ತೆರಡರ ಹರೆಯದಲ್ಲಿಯೇ ರೋಗವು ಇಷ್ಟು ಬೆಳೆದಿದ್ದರೆ ಅದು ಮೊಳೆತದ್ದು ಯಾವಾಗ? ಹದಿನೈದರಲ್ಲಿಯೋ, ಹತ್ತರಲ್ಲಿಯೋ, ಇನ್ನೂ ಮುಂಚೆಯೋ? ಸತ್ತವರ ಹೃದಯವು ಈ ಪ್ರಶ್ನೆಗೆ ಉತ್ತರ ಹೇಳಲಾರದು. ಬದುಕಿರುವ ಮಕ್ಕಳನ್ನು ಗಮನಿಸುತ್ತ, ಅವರು ದೊಡ್ಡವರಾಗುವವರೆಗೆ ಕಾಯಬೇಕಾಗಿತ್ತು.

ಈ ಕಾಯುವಿಕೆಯ ಕಥೆಯನ್ನು ತಿಳಿಯುವುದಕ್ಕೆ ಮೊದಲು ರಕ್ತದ ಒತ್ತಡವೆಂದರೇನೆಂಬುದನ್ನು ಅರಿತಿರಬೇಕು. ಹೃದಯವು ಒಂದು ಪಂಪು. ಅದರ ಎಡ ಹೃತ್ಕುಕ್ಷಿಯು ಸಂಕೋಚಗೊಂಡಾಗ ರಕ್ತವು ರಭಸದಿಂದ ಮಹಾಪಧಮನಿಯೊಳಕ್ಕೆ ನುಗ್ಗುತ್ತದೆ. ಆಗ ಅದು ನಾಳದ ಗೋಡೆಯನ್ನು ಒತ್ತುವ ಬಲವೇ ಸಂಕೋಚನ ಒತ್ತಡ. ಹೃದಯವು ಸಡಿಲಗೊಂಡು ಮತ್ತೆ ತುಂಬಿಕೊಳ್ಳುತ್ತಿರುವಾಗ ನಾಳದಲ್ಲಿ ಉಳಿದಿರುವ ಕಡಿಮೆ ಒತ್ತಡವೇ ವ್ಯಾಕೋಚನ ಒತ್ತಡ. ವೈದ್ಯರು 120/80 ಎಂದು ಬರೆಯುವಾಗ ಮೊದಲಿನ ಸಂಖ್ಯೆಯು ಸಂಕೋಚನ ಒತ್ತಡವನ್ನೂ ಎರಡನೆಯದು ವ್ಯಾಕೋಚನ ಒತ್ತಡವನ್ನೂ ಸೂಚಿಸುತ್ತವೆ. ಆ ಒತ್ತಡವು ಕೊಳವೆಯಲ್ಲಿರುವ ಪಾದರಸವನ್ನು ಎಷ್ಟು ಮಿಲಿಮೀಟರ್ ಎತ್ತರಕ್ಕೆ ಏರಿಸಬಲ್ಲುದೋ ಅದೇ ಅದರ ಅಳತೆ.

ಈ ಒತ್ತಡವನ್ನು ಮೊಟ್ಟಮೊದಲಿಗೆ ಅಳೆದವನು ವೈದ್ಯನಲ್ಲ, ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ. ಅವನು ಒಂದು ಹೆಣ್ಣುಕುದುರೆಯನ್ನು ಕಟ್ಟಿ ಮಲಗಿಸಿ, ಅದರ ಅಪಧಮನಿಗೆ ಉದ್ದನೆಯ ಗಾಜಿನ ಕೊಳವೆಯನ್ನು ಜೋಡಿಸಿದನು. ರಕ್ತವು ಕೊಳವೆಯಲ್ಲಿ 8 ಅಡಿಗಿಂತಲೂ ಎತ್ತರಕ್ಕೆ ಏರಿ, ಪ್ರತಿಯೊಂದು ಮಿಡಿತಕ್ಕೂ ಏರಿಳಿಯತೊಡಗಿತು. 1733ರಲ್ಲಿ ಅವನು ಈ ಪ್ರಯೋಗವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. ಮನುಷ್ಯರ ಮೇಲೆ ನಡೆಸಲು ಸಾಧ್ಯವಾಗುವಂಥ ಪ್ರಯೋಗವಲ್ಲ ಅದು! ತೋಳಿಗೆ ಸುತ್ತಿ ಗಾಳಿ ತುಂಬುವ ಪಟ್ಟಿಯನ್ನು ಇಟಲಿಯ ರಿವಾ-ರೋಚಿ 1896ರಲ್ಲಿ ರೂಪಿಸಿದನು. ಪಟ್ಟಿಯ ಬಿಗಿತವನ್ನು ಸಡಿಲಿಸುತ್ತ, ಮೊಣಕೈಯ ಮಡಿಕೆಯಲ್ಲಿ ಕೇಳಿಬರುವ ಬಡಿತದ ಶಬ್ದವನ್ನು ಆಲಿಸಿ ಎರಡೂ ಒತ್ತಡಗಳನ್ನು ಗುರುತಿಸುವ ಕ್ರಮವನ್ನು ರಷ್ಯದ ಕೊರೊಟ್ಕಾಫ್ 1905ರಲ್ಲಿ ತಿಳಿಸಿದನು. ಒಂದು ಹನಿ ರಕ್ತವನ್ನೂ ಚೆಲ್ಲದೆ ಒತ್ತಡವನ್ನು ಅಳೆಯುವ ಈ ಸಾಧನವೇ ಮುಂದೆ ಸಾವಿರಾರು ಮಕ್ಕಳ ತೋಳುಗಳನ್ನು ತಬ್ಬಿಕೊಂಡಿತು.

ಅಮೆರಿಕದ ಲೂಯಿಸಿಯಾನ ರಾಜ್ಯದಲ್ಲಿ ಬೊಗಲೂಸಾ ಎಂಬ ಸಣ್ಣ ಪಟ್ಟಣವಿದೆ. ಮರ ಕೊಯ್ಯುವ ದೊಡ್ಡ ಕಾರ್ಖಾನೆಯೊಂದರ ಸುತ್ತ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳೆದ ಊರು ಅದು. ಮುಂದೆ ಕಾಗದದ ಕಾರ್ಖಾನೆಗೂ ಹೆಸರಾಯಿತು. ಜೆರಾಲ್ಡ್ ಬೆರೆನ್‌ಸನ್ ಎಂಬುವರು 1922ರಲ್ಲಿ ಹುಟ್ಟಿದ್ದು ಇಲ್ಲಿಯೇ. ನ್ಯೂ ಆರ್ಲಿಯನ್ಸ್ ನಗರದಲ್ಲಿ ಹೃದಯತಜ್ಞರಾಗಿ ಹೆಸರು ಗಳಿಸಿದ ಮೇಲೆ, ಮಕ್ಕಳಲ್ಲಿ ಹೃದ್ರೋಗದ ಮೂಲವನ್ನು ಹುಡುಕಬೇಕೆಂಬ ಹಂಬಲವು ಅವರಲ್ಲಿ ಮೂಡಿತು. ಅದಕ್ಕಾಗಿ ಅವರು ಆರಿಸಿಕೊಂಡದ್ದು ತಮ್ಮ ಹುಟ್ಟೂರನ್ನೇ. ಈ ಆಯ್ಕೆಯು ಕೇವಲ ಅಭಿಮಾನದ ಮಾತಾಗಿರಲಿಲ್ಲ. ಸಣ್ಣ ಊರಿನಲ್ಲಿ ಜನ ಒಬ್ಬರನ್ನೊಬ್ಬರು ಬಲ್ಲರು. ಶಾಲೆಗಳೂ ಕೆಲವೇ. ಅಲ್ಲದೆ ಬಿಳಿಯರೂ ಕಪ್ಪು ವರ್ಣೀಯರೂ ಅಲ್ಲಿ ವಾಸವಾಗಿದ್ದರು. 1960ರ ದಶಕದಲ್ಲಿ ವರ್ಣಭೇದದ ಕಲಹಗಳಿಂದ ಆ ಊರು ಕುದಿದಿತ್ತೆಂಬುದನ್ನು ನೆನೆದರೆ, ಎರಡೂ ಜನಾಂಗಗಳ ತಾಯಿತಂದೆಗಳು ತಮ್ಮ ಮಕ್ಕಳನ್ನು ಒಂದೇ ಪರೀಕ್ಷೆಗೆ ಒಪ್ಪಿಸಿದ್ದು ಸಣ್ಣ ಸಂಗತಿಯಲ್ಲ.

1973ರಲ್ಲಿ ಪರೀಕ್ಷೆಗಳು ಆರಂಭವಾದವು. ಮೊದಲನೆಯ ಸುತ್ತಿನಲ್ಲಿ 5ರಿಂದ 14 ವರ್ಷದೊಳಗಿನ 3,500ಕ್ಕೂ ಹೆಚ್ಚು ಮಕ್ಕಳ ಎತ್ತರ, ತೂಕ, ರಕ್ತದಲ್ಲಿನ ಕೊಬ್ಬಿನಂಶ ಮತ್ತು ರಕ್ತದ ಒತ್ತಡವನ್ನು ಅಳೆಯಲಾಯಿತು. ಮಕ್ಕಳ ಒತ್ತಡವನ್ನು ಅಳೆಯುವುದು ಸುಲಭವಲ್ಲ. ಸೂಜಿಯನ್ನು ಕಂಡರೆ ಒತ್ತಡ ಏರುತ್ತದೆ, ಅತ್ತರೆ ಏರುತ್ತದೆ, ಓಡಿಬಂದು ಕುಳಿತರೂ ಏರುತ್ತದೆ. ಆದುದರಿಂದ ಮಗುವು ಶಾಂತವಾದ ಮೇಲೆ, ಒಂದೇ ಮಗುವಿನ ಒತ್ತಡವನ್ನು ಹಲವು ಬಾರಿ ಅಳೆದು ಸರಾಸರಿಯನ್ನು ತೆಗೆದರು. ಕೆಲವು ವರ್ಷಗಳ ನಂತರ ಅದೇ ಮಕ್ಕಳನ್ನು ಮತ್ತೆ ಕರೆದರು. ಹೀಗೆ ವರ್ಷಗಳು ಉರುಳಿದವು. ಮಕ್ಕಳು ತರುಣರಾದರು, ಅನಂತರ ತಾಯಿತಂದೆಗಳಾದರು.

ಮಕ್ಕಳಿಗೆ ದೊಡ್ಡವರಷ್ಟು ಒತ್ತಡವಿರುವುದಿಲ್ಲ. ಐದು ವರ್ಷದ ಬಾಲಕನಲ್ಲಿ ಸಂಕೋಚನ ಒತ್ತಡವು ಸಾಮಾನ್ಯವಾಗಿ 90ರ ಆಸುಪಾಸಿನಲ್ಲಿರುತ್ತದೆ. ದೇಹವು ಬೆಳೆದಂತೆ ಅದೂ ಏರುತ್ತದೆ. ಆದುದರಿಂದ ಮಗುವಿನ ಒತ್ತಡ ಹೆಚ್ಚೋ ಕಡಿಮೆಯೋ ಎಂಬುದನ್ನು ಅದೇ ವಯಸ್ಸಿನ, ಅದೇ ಎತ್ತರದ ಇತರ ಮಕ್ಕಳೊಡನೆ ಹೋಲಿಸಿಯೇ ಹೇಳಬೇಕು. ಬೆಳೆಯುತ್ತ ಹೋದಂತೆ ಈ ಸಾಲಿನಲ್ಲಿ ಮಗುವಿನ ಸ್ಥಾನವು ಹಾಗೆಯೇ ಉಳಿಯುವುದೋ, ಬದಲಾಗುವುದೋ? ಬೊಗಲೂಸಾದಲ್ಲಿ, ಆರಂಭದಲ್ಲಿ ಸಂಕೋಚನ ಒತ್ತಡದ ಅತಿ ಮೇಲಿನ ಐದನೆಯ ಒಂದು ಭಾಗದಲ್ಲಿದ್ದ ಮಕ್ಕಳ ಪೈಕಿ ನೂರಕ್ಕೆ 40 ಮಂದಿ, 15 ವರ್ಷಗಳ ನಂತರವೂ ಅದೇ ಗುಂಪಿನಲ್ಲಿದ್ದರು. ಬರಿಯ ಆಕಸ್ಮಿಕವಾಗಿದ್ದರೆ ಈ ಸಂಖ್ಯೆ ನೂರಕ್ಕೆ 20 ಮಾತ್ರ ಇರಬೇಕಾಗಿತ್ತು. ಈ ಲೆಕ್ಕದ ಮತ್ತೊಂದು ಮುಖವನ್ನೂ ಮರೆಯಬಾರದು: ಉಳಿದ 60 ಮಂದಿ ಆ ಗುಂಪಿನಿಂದ ಹೊರಬಂದಿದ್ದರು. ಬಾಲ್ಯದ ಒತ್ತಡವು ಒಂದು ಸೂಚನೆಯೇ ಹೊರತು ಹಣೆಯಬರಹವಲ್ಲ.

ಒತ್ತಡದ ಅಂಕಿಯನ್ನು ಅಳೆದದ್ದಾಯಿತು. ಆದರೆ ನಾಳದ ಒಳಗೆ ನಡೆಯುತ್ತಿದ್ದುದೇನು? ಈ ಪ್ರಶ್ನೆಗೆ ಉತ್ತರ ದೊರೆತದ್ದು ದುಃಖದ ಮಾರ್ಗದಿಂದ. ಅಷ್ಟು ದೊಡ್ಡ ಸಮುದಾಯದಲ್ಲಿ ಕೆಲವರು ಎಳೆಯ ವಯಸ್ಸಿನಲ್ಲಿಯೇ ಸಾಯುವುದು ಅನಿವಾರ್ಯ. ಬಹುಪಾಲು ಅವು ಅಪಘಾತದಂಥ ಆಕಸ್ಮಿಕ ಸಾವುಗಳು. ಅವರ ಶವಪರೀಕ್ಷೆಗಳಿಂದ ಸಂಶೋಧಕರಿಗೆ ಹೃದಯ ಮತ್ತು ಮಹಾಪಧಮನಿಗಳನ್ನು ನೋಡುವ ಅವಕಾಶವಾಯಿತು. ಇಂಥ 204 ಶವಪರೀಕ್ಷೆಗಳ ಫಲಿತಾಂಶವನ್ನು ಬೆರೆನ್‌ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ಮೃತರ ವಯಸ್ಸು 2ರಿಂದ 39 ವರ್ಷ. ಅವರಲ್ಲಿ 93 ಮಂದಿಯ ಒತ್ತಡ, ತೂಕ, ಕೊಬ್ಬಿನಂಶ ಮೊದಲಾದವು ಅವರು ಬದುಕಿದ್ದಾಗಲೇ ದಾಖಲೆಯಾಗಿದ್ದವು. ಕೊರಿಯಾದ ಸೈನಿಕರ ವಿಷಯದಲ್ಲಿ ಇಲ್ಲದಿದ್ದುದು ಇದೇ: ಇಲ್ಲಿ ಸತ್ತವರ ನಾಳವೂ ಇತ್ತು, ಅವರ ಬಾಲ್ಯದ ಲೆಕ್ಕವೂ ಇತ್ತು.

ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಸಂಬಂಧವು ಸ್ಪಷ್ಟವಾಗಿತ್ತು. ಒತ್ತಡ, ಸ್ಥೂಲತೆ ಮತ್ತು ರಕ್ತದ ಕೊಬ್ಬು ಹೆಚ್ಚಿದ್ದವರ ನಾಳಗಳಲ್ಲಿ ಹಾನಿಯೂ ಹೆಚ್ಚಿತ್ತು. ಇಂಥ ದೋಷಗಳಲ್ಲಿ ಒಂದೂ ಇಲ್ಲದವರ ಹೃದಯದ ಅಪಧಮನಿಗಳ ಒಳಮೈಯಲ್ಲಿ ಕೊಬ್ಬಿನ ಗೆರೆಗಳು ಆವರಿಸಿದ್ದ ಭಾಗವು ನೂರಕ್ಕೆ 1.3 ಮಾತ್ರ. ಮೂರು ಅಥವಾ ನಾಲ್ಕು ದೋಷಗಳು ಕೂಡಿದ್ದವರಲ್ಲಿ ಅದು ನೂರಕ್ಕೆ 11. ಇನ್ನೂ ಒಂದು ಅಂಶವು ಗಮನಾರ್ಹ. ಕೊಬ್ಬಿನ ಗೆರೆಗಳು ರೋಗದ ಮೊದಲ ಮೆಟ್ಟಿಲು. ಅವು ಕರಗಿಹೋಗಲೂ ಬಹುದು. ಗಟ್ಟಿಯಾಗಿ ಉಬ್ಬಿನಿಂತ ನಾರಿನ ಗಂಟುಗಳು ಅದಕ್ಕೂ ಮುಂದಿನ ಹಂತ. 2ರಿಂದ 15 ವರ್ಷದವರಲ್ಲಿ ನೂರಕ್ಕೆ 8 ಮಂದಿಯ ಹೃದಯದ ಅಪಧಮನಿಗಳಲ್ಲಿ ಇಂಥ ಗಂಟುಗಳಿದ್ದವು. 26ರಿಂದ 39 ವರ್ಷದವರಲ್ಲಿ ಈ ಸಂಖ್ಯೆ ನೂರಕ್ಕೆ 69 ಆಗಿತ್ತು.

ಒತ್ತಡವು ನಾಳವನ್ನು ಕೆಡಿಸುವುದು ಹೇಗೆ? ಅಪಧಮನಿಯು ಕಬ್ಬಿಣದ ಕೊಳವೆಯಲ್ಲ. ಅದೊಂದು ಜೀವಂತ ಅಂಗ. ಅದರ ಗೋಡೆಗೆ ಮೂರು ಪದರಗಳಿವೆ. ಒಳಗಿನದು ಅತ್ಯಂತ ನುಣುಪಾದ, ಒಂದೇ ಸಾಲು ಜೀವಕೋಶಗಳ ಹೊದಿಕೆ. ನಡುವಿನ ಪದರದಲ್ಲಿ ಸ್ನಾಯುಕೋಶಗಳೂ ಎಲಾಸ್ಟಿನ್ ಎಂಬ ಸ್ಥಿತಿಸ್ಥಾಪಕ ನಾರೂ ಇವೆ. ಹೊರಪದರವು ಗಟ್ಟಿಯಾದ ಕೊಲಾಜೆನ್ ನಾರುಗಳಿಂದ ಹೆಣೆದುದು. ಹೃದಯವು ರಕ್ತವನ್ನು ನೂಕಿದಾಗ ಎಲಾಸ್ಟಿನ್ ಹಿಗ್ಗಿ ರಭಸವನ್ನು ನುಂಗಿಕೊಳ್ಳುತ್ತದೆ. ಹೃದಯವು ಸಡಿಲಿದಾಗ ಕುಗ್ಗಿ ರಕ್ತವನ್ನು ಮುಂದಕ್ಕೆ ತಳ್ಳುತ್ತದೆ. ಹೀಗಾಗಿ ತಡೆತಡೆದು ಹೊರಟ ರಕ್ತವು ಸಣ್ಣ ನಾಳಗಳನ್ನು ಸೇರುವ ವೇಳೆಗೆ ಒಂದೇ ಸಮನಾದ ಹರಿವಾಗುತ್ತದೆ. ಹೇಲ್ಸನು ಇದನ್ನು ಬೆಂಕಿ ಆರಿಸುವ ಯಂತ್ರದಲ್ಲಿರುವ ಗಾಳಿಯ ಕೋಣೆಗೆ ಹೋಲಿಸಿದ್ದನು. ಆ ಯಂತ್ರದ ಪಂಪನ್ನು ಬಿಟ್ಟು ಬಿಟ್ಟು ಒತ್ತಿದರೂ ನೀರು ಮಾತ್ರ ಎಡೆಬಿಡದೆ ಚಿಮ್ಮುತ್ತಿರುತ್ತದೆ.

ಈ ಎಲಾಸ್ಟಿನ್ನಿನ ವಿಷಯದಲ್ಲಿ ಒಂದು ವಿಶೇಷವಿದೆ. ದೇಹವು ಅದನ್ನು ಹೆಚ್ಚಾಗಿ ನೆಯ್ಯುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ ಮತ್ತು ಬಾಲ್ಯದಲ್ಲಿ. ಪ್ರಾಯಕ್ಕೆ ಬಂದ ಬಳಿಕ ಹೊಸ ಎಲಾಸ್ಟಿನ್ ತಯಾರಾಗುವುದು ಅತ್ಯಲ್ಪ. ಚರ್ಮವು ಗಾಯವಾದರೆ ಕೂಡಿಕೊಳ್ಳುತ್ತದೆ, ಮೂಳೆಯು ಮುರಿದರೆ ಬೆಸೆದುಕೊಳ್ಳುತ್ತದೆ. ಹರಿದ ಎಲಾಸ್ಟಿನ್ ನಾರಿಗೆ ಹಾಗೆ ಮರಳಿ ಹೊಂದಿಕೊಳ್ಳುವ ಭಾಗ್ಯವಿಲ್ಲ. ಬಾಲ್ಯದಲ್ಲಿ ದೊರೆತ ಬಂಡವಾಳದಲ್ಲಿಯೇ ಅದು ಬದುಕಿನುದ್ದಕ್ಕೂ ದುಡಿಯಬೇಕು. ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು. ಪ್ರತಿಯೊಂದು ಬಡಿತಕ್ಕೂ ಆ ನಾರು ಹಿಗ್ಗಿ ಕುಗ್ಗಬೇಕು. ಒತ್ತಡವು ಹೆಚ್ಚಿದ್ದರೆ ಹಿಗ್ಗುವಿಕೆಯೂ ಹೆಚ್ಚು, ಸವೆತವೂ ಹೆಚ್ಚು. ಸವೆದ ಕಡೆಗಳಲ್ಲಿ ಭಾರವನ್ನು ಬಗ್ಗದ ಕೊಲಾಜೆನ್ ಹೊರಬೇಕಾಗುತ್ತದೆ. ಇತ್ತ ಸ್ನಾಯುಪದರವೂ ಹೆಚ್ಚಿದ ಒತ್ತಡವನ್ನು ತಾಳಿಕೊಳ್ಳಲು ದಪ್ಪಗಾಗುತ್ತದೆ. ಒಳಹೊದಿಕೆಯು ಘಾಸಿಗೊಂಡರೆ ರಕ್ತದಲ್ಲಿನ ಕೊಬ್ಬು ಗೋಡೆಯೊಳಕ್ಕೆ ನುಸುಳಲು ದಾರಿಯಾಗುತ್ತದೆ. ಇಷ್ಟೆಲ್ಲವೂ ಸದ್ದಿಲ್ಲದೆ ನಡೆಯುತ್ತದೆ. ನೋವಿಲ್ಲ, ಜ್ವರವಿಲ್ಲ, ಮಗುವು ಎಂದಿನಂತೆ ಆಡುತ್ತಿರುತ್ತದೆ. ಗಡುಸಾದ ನಾಳದಲ್ಲಿ ನಾಡಿಯ ಅಲೆಯು ಹೆಚ್ಚು ವೇಗವಾಗಿ ಸಾಗುತ್ತದೆ. ಆದುದರಿಂದ ಆ ವೇಗವನ್ನು ಅಳೆದು ನಾಳದ ಗಡುಸನ್ನು ತಿಳಿಯಬಹುದು. ಬೊಗಲೂಸಾದ ಮಕ್ಕಳು ತರುಣರಾದ ಮೇಲೆ ಹೀಗೆ ಅಳೆದಾಗ, ಬಾಲ್ಯದಲ್ಲಿ ಸಂಕೋಚನ ಒತ್ತಡವು ಹೆಚ್ಚಾಗಿದ್ದವರ ನಾಳಗಳು ಹೆಚ್ಚು ಗಡುಸಾಗಿದ್ದವೆಂದು 2004ರಲ್ಲಿ ವರದಿಯಾಯಿತು.

ಒಂದೇ ಊರಿನ ಅನುಭವವನ್ನು ಲೋಕಕ್ಕೆಲ್ಲ ಅನ್ವಯಿಸುವುದು ಸರಿಯಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪವು ನ್ಯಾಯವಾದುದೇ. ಆದರೆ ಭೂಮಿಯ ಇನ್ನೊಂದು ತುದಿಯಲ್ಲಿ, ಹಿಮಪ್ರದೇಶವಾದ ಫಿನ್ಲೆಂಡಿನಲ್ಲಿಯೂ ಇಂಥ ಅಧ್ಯಯನವು ನಡೆದಿತ್ತು. ಹೃದ್ರೋಗದ ಸಾವುಗಳಿಂದ ಆ ದೇಶವು ತತ್ತರಿಸಿದ್ದ ಕಾಲವದು. 1980ರಲ್ಲಿ 3ರಿಂದ 18 ವರ್ಷದೊಳಗಿನ 3,596 ಮಕ್ಕಳನ್ನು ಅಲ್ಲಿ ಪರೀಕ್ಷಿಸಲಾಯಿತು. 21 ವರ್ಷಗಳ ನಂತರ, 2001ರಲ್ಲಿ, ಅವರಲ್ಲಿ 2,229 ಮಂದಿಯ ಕತ್ತಿನ ಅಪಧಮನಿಗಳನ್ನು ಶ್ರವಣಾತೀತ ಧ್ವನಿಯ ಅಲೆಗಳಿಂದ ನೋಡಿದರು. ಕತ್ತಿನ ನಾಳವು ಚರ್ಮಕ್ಕೆ ಹತ್ತಿರವಿರುವುದರಿಂದ, ಮಿಲಿಮೀಟರಿನ ಅಂಶಗಳಷ್ಟಿರುವ ಅದರ ಗೋಡೆಯ ದಪ್ಪವನ್ನು ಈ ಅಲೆಗಳಿಂದ ಅಳೆಯಬಹುದು. ಹೆಚ್ಚಿನ ಸಂಕೋಚನ ಒತ್ತಡ, ರಕ್ತದ ಕೊಬ್ಬು, ಸ್ಥೂಲತೆ, ಧೂಮಪಾನ - ಈ ದೋಷಗಳು 12ರಿಂದ 18ರ ವಯಸ್ಸಿನಲ್ಲಿ ಹೆಚ್ಚಿದಷ್ಟೂ ಮುಂದೆ ಆ ಗೋಡೆಯು ದಪ್ಪವಾಗಿತ್ತು. ದೊಡ್ಡವರಾದ ಮೇಲಿನ ದೋಷಗಳನ್ನು ಲೆಕ್ಕಕ್ಕೆ ಹಿಡಿದ ಬಳಿಕವೂ ಈ ಸಂಬಂಧವು ಅಳಿಯಲಿಲ್ಲ. ಒಂಬತ್ತು ವರ್ಷದೊಳಗಿನ ದೋಷಗಳೊಡನೆ ಸಂಬಂಧವು ದುರ್ಬಲವಾಗಿತ್ತು. ಪ್ರೌಢಶಾಲೆಯ ವಿದ್ಯಾರ್ಥಿಗಳ ವಯಸ್ಸು ಯಾವುದೆಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಬಾಲ್ಯದಲ್ಲಿ ಒತ್ತಡ ಹೆಚ್ಚಿದ್ದವನ ಗತಿಯೇನು? ಅವನ ನಾಳಗಳು ಕೆಟ್ಟೇಹೋದವೆಂದು ಕೈಚೆಲ್ಲಿ ಕೂರಬೇಕೆ? ಈ ಪ್ರಶ್ನೆಗೆ 2013ರಲ್ಲಿ ದೊರೆತ ಉತ್ತರವೇ ಈ ಸಂಶೋಧನೆಗಳಲ್ಲೆಲ್ಲ ಹೆಚ್ಚು ಬೆಲೆಯುಳ್ಳದ್ದು. ಬೊಗಲೂಸಾ, ಅಮೆರಿಕದ್ದೇ ಆದ ಮಸ್ಕಟೀನ್, ಫಿನ್ಲೆಂಡ್ ಮತ್ತು ಆಸ್ಟ್ರೇಲಿಯ - ಈ ನಾಲ್ಕು ಅಧ್ಯಯನಗಳ 4,210 ಮಂದಿಯ ದಾಖಲೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಲಾಯಿತು. ಬಾಲ್ಯದ ಅಳತೆಗೂ ದೊಡ್ಡವರಾದ ಮೇಲಿನ ಅಳತೆಗೂ ಸರಾಸರಿ 23 ವರ್ಷಗಳ ಅಂತರವಿತ್ತು. ಬಾಲ್ಯದಲ್ಲಿಯೂ ಪ್ರಾಯದಲ್ಲಿಯೂ ಒತ್ತಡ ಹೆಚ್ಚಿದ್ದವರಲ್ಲಿ ಕತ್ತಿನ ನಾಳದ ಗೋಡೆಯು ಅತಿಯಾಗಿ ದಪ್ಪಗಾಗುವ ಸಂಭವವು, ಎಂದೂ ಒತ್ತಡ ಹೆಚ್ಚಿರದವರಿಗಿಂತ ಸುಮಾರು 1.8 ಪಟ್ಟು ಅಧಿಕವಾಗಿತ್ತು. ಬಾಲ್ಯದಲ್ಲಿ ಸರಿಯಾಗಿದ್ದು ಆಮೇಲೆ ಒತ್ತಡ ಏರಿಸಿಕೊಂಡವರಲ್ಲಿ ಅದು ಸುಮಾರು 1.6 ಪಟ್ಟು. ಆದರೆ ಬಾಲ್ಯದಲ್ಲಿ ಹೆಚ್ಚಿದ್ದು, ದೊಡ್ಡವರಾಗುವಷ್ಟರಲ್ಲಿ ಒತ್ತಡ ಇಳಿದಿದ್ದವರಿಗೂ ಎಂದೂ ಹೆಚ್ಚಿರದವರಿಗೂ ನಡುವೆ ನಿಶ್ಚಿತವಾಗಿ ಹೇಳಬಹುದಾದ ವ್ಯತ್ಯಾಸವು ಕಾಣಲಿಲ್ಲ. ನಾಳವು ಬಾಲ್ಯವನ್ನು ನೆನಪಿಟ್ಟುಕೊಳ್ಳುತ್ತದೆ, ನಿಜ. ಆದರೆ ಸಕಾಲದಲ್ಲಿ ತಿದ್ದಿಕೊಂಡವನನ್ನು ಅದು ಕ್ಷಮಿಸುವಂತೆಯೂ ತೋರುತ್ತದೆ.

ಇಂಥ ಅಧ್ಯಯನಗಳಲ್ಲಿ ಸಂಶೋಧಕರು ಯಾರ ಒತ್ತಡವನ್ನೂ ಬೇಕೆಂದೇ ಏರಿಸುವುದಿಲ್ಲ, ಇಳಿಸುವುದೂ ಇಲ್ಲ; ನಡೆದುದನ್ನು ಬರೆದುಕೊಳ್ಳುತ್ತಾರೆ. ಆದುದರಿಂದ ಇದರಿಂದಲೇ ಇದು ಆಯಿತೆಂದು ಖಂಡಿತವಾಗಿ ಹೇಳುವಾಗ ಎಚ್ಚರವಿರಬೇಕು. ಎಳವೆಯ ಆಹಾರದಲ್ಲಿ ಮಾಡಿದ ಬದಲಾವಣೆಯು ಒತ್ತಡವನ್ನು ಇಳಿಸಬಲ್ಲುದೆ ಎಂಬುದನ್ನು ನೇರವಾಗಿ ಪರೀಕ್ಷಿಸಿದ ಪ್ರಯೋಗವೊಂದು ನೆದರ್ಲೆಂಡ್ಸ್ ದೇಶದಲ್ಲಿ ನಡೆಯಿತು. ಅಲ್ಲಿ 476 ನವಜಾತ ಶಿಶುಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಆರು ತಿಂಗಳ ಕಾಲ ಉಪ್ಪಿನಂಶ ಕಡಿಮೆಯಿದ್ದ ಆಹಾರವನ್ನೂ ಇನ್ನೊಂದಕ್ಕೆ ರೂಢಿಯ ಆಹಾರವನ್ನೂ ಕೊಟ್ಟರು. ಆರು ತಿಂಗಳು ತುಂಬುವ ವೇಳೆಗೆ ಮೊದಲನೆಯ ಗುಂಪಿನ ಸಂಕೋಚನ ಒತ್ತಡವು 2.1 ಮಿಲಿಮೀಟರ್ ಕಡಿಮೆಯಿತ್ತೆಂದು 1983ರಲ್ಲಿ ವರದಿಯಾಯಿತು. ಎರಡು ಮಿಲಿಮೀಟರ್ ಏನು ಮಹಾ ಎಂದು ಯಾರಿಗಾದರೂ ಅನ್ನಿಸಬಹುದು. ಅನಂತರ ಆ ಮಕ್ಕಳ ಆಹಾರದ ಮೇಲೆ ಯಾರ ಹತೋಟಿಯೂ ಇರಲಿಲ್ಲ. 15 ವರ್ಷಗಳ ಬಳಿಕ, ಅವರಲ್ಲಿ 167 ಮಂದಿಯನ್ನು ಮತ್ತೆ ಪರೀಕ್ಷಿಸಿದಾಗ ವ್ಯತ್ಯಾಸವು ಅಳಿಯುವುದಿರಲಿ, 3.6 ಮಿಲಿಮೀಟರಿಗೆ ಏರಿತ್ತು! ನಾಲಗೆಯು ಮರೆತ ಆರು ತಿಂಗಳನ್ನು ದೇಹವು ಮರೆತಿರಲಿಲ್ಲ. ಇಂದು ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ಹೇಳುತ್ತದೆ. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಪೊಟ್ಟಣದ ಕುರುಕಲು ತಿಂಡಿಗಳಲ್ಲಿ ಅಡಗಿರುವ ಉಪ್ಪೂ ಈ ಲೆಕ್ಕಕ್ಕೆ ಸೇರಿದ್ದೇ. ಸ್ಥೂಲತೆಯು ಒತ್ತಡವನ್ನು ಏರಿಸುತ್ತದೆ, ಓಟ ಆಟಗಳು ಇಳಿಸುತ್ತವೆ.

ಮಕ್ಕಳ ಒತ್ತಡವನ್ನು ಅಳೆಯುವ ಕ್ರಮವೂ ಈ ಅನುಭವಗಳಿಂದ ಖಚಿತವಾಗಿದೆ. ಮಗುವು ಐದು ನಿಮಿಷವಾದರೂ ಸುಮ್ಮನೆ ಕುಳಿತಿರಬೇಕು. ಬಲತೋಳು ಹೃದಯದ ಮಟ್ಟದಲ್ಲಿರಬೇಕು. ಪಟ್ಟಿಯು ತೋಳಿನ ಗಾತ್ರಕ್ಕೆ ತಕ್ಕುದಾಗಿರಬೇಕು. ಅದು ತೀರ ಕಿರಿದಾಗಿದ್ದರೆ ಇಲ್ಲದ ಒತ್ತಡವನ್ನು ಇದೆಯೆಂದು ತೋರಿಸುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2017ರಲ್ಲಿ ಪ್ರಕಟಿಸಿದ ಸೂತ್ರಗಳಂತೆ, 13 ವರ್ಷ ತುಂಬಿದವರಲ್ಲಿ ಒತ್ತಡವು 120/80ಕ್ಕಿಂತ ಕಡಿಮೆಯಿದ್ದರೆ ಸರಿಯಾಗಿದೆಯೆಂದು ಅರ್ಥ. ಎರಡರಲ್ಲಿ ಯಾವುದಾದರೊಂದು ಅಂಕಿಯು 130/80ರ ಮಟ್ಟವನ್ನು ಮುಟ್ಟಿದರೆ ಅಥವಾ ಮೀರಿದರೆ, ಅದೂ ಬೇರೆ ಬೇರೆ ಮೂರು ಸಲ ನೋಡಿದಾಗಲೂ ಹಾಗೆಯೇ ಇದ್ದರೆ, ಅಧಿಕ ಒತ್ತಡವೆಂದು ಪರಿಗಣಿಸುತ್ತಾರೆ. ಒಂದೇ ಸಲದ ಅಂಕಿಯಿಂದ ಯಾರನ್ನೂ ರೋಗಿಯೆಂದು ಕರೆಯಲಾಗದು.

ನಾಳದ ಗೋಡೆ ದಪ್ಪಗಾದರೆ ಏನಾಯಿತು, ಜನರು ನಿಜವಾಗಿಯೂ ಸತ್ತರೆ ಎಂಬ ಪ್ರಶ್ನೆಯೊಂದು ಉಳಿದೇ ಇತ್ತು. ಅದಕ್ಕೆ ಉತ್ತರ ಬರಲು ಅರ್ಧ ಶತಮಾನವೇ ಹಿಡಿಯಿತು. ಬೊಗಲೂಸಾವೂ ಸೇರಿದಂತೆ ಏಳು ಅಧ್ಯಯನಗಳ 38,589 ಮಂದಿಯನ್ನು, ಅವರ ಬಾಲ್ಯದಿಂದ ಸರಾಸರಿ 35 ವರ್ಷಗಳ ಕಾಲ ಗಮನಿಸಿದ ವರದಿಯು 2022ರಲ್ಲಿ ಹೊರಬಂದಿತು. ಅಷ್ಟರಲ್ಲಿ ಅವರ ಪೈಕಿ 319 ಮಂದಿ ಹೃದಯ ಮತ್ತು ರಕ್ತನಾಳಗಳ ರೋಗಗಳಿಂದ ಮೃತರಾಗಿದ್ದರು. ಈ ಸಾವುಗಳೊಡನೆ ಸಂಬಂಧವಿತ್ತೆಂದು ಗೊತ್ತಾದ ಬಾಲ್ಯದ ಐದು ಅಂಶಗಳಲ್ಲಿ ಸಂಕೋಚನ ಒತ್ತಡವೂ ಒಂದು.

ಈ ವರದಿಯನ್ನು ಕಾಣಲು ಬೆರೆನ್‌ಸನ್ ಇರಲಿಲ್ಲ. ಅವರು 2018ರಲ್ಲಿ ತೀರಿಕೊಂಡಿದ್ದರು. ಅವರ ಹುಟ್ಟೂರಿನಲ್ಲಿ 1973ರಲ್ಲಿ ಪುಟ್ಟ ತೋಳುಗಳನ್ನು ಚಾಚಿ ಕುಳಿತಿದ್ದ ಐದು ವರ್ಷದ ಮಕ್ಕಳು ಇಂದು ಐವತ್ತನ್ನು ದಾಟಿದ್ದಾರೆ. ಮೊದಲ ದಿನ ಅವರ ಹೆಸರಿನ ಮುಂದೆ ಬರೆದ ಅಂಕಿಗಳು ದಾಖಲೆಯಲ್ಲಿ ಹಾಗೆಯೇ ಉಳಿದಿವೆ.